ಮುಪ್ಪಿನಲ್ಲಿ ಮಾಗಿದ ನೆನಪು: ದರೋಜಿಯ ಬುರ್ರಕಥೆ ಹೇಳುವ ಸಾಕ್ಷ್ಯ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ನಾವು ಎದುರು ಮಾತಿಲ್ಲದೆ ಒಪ್ಪಿಕೊಂಡುಬಿಟ್ಟಿದ್ದೇವೆ. ಅದನ್ನು ಒರೆಗೆ ಹಚ್ಚಬಲ್ಲ ಕಸುಬೊಂದು ಸಂಡೂರು ತಾಲ್ಲೂಕಿನ ದರೋಜಿಯಲ್ಲೇ ಬಾಳಿತ್ತು. ಊರೂರು ಅಲೆದು, ಕಥೆ ಹಾಡಿ, ಕಾಳುಕಡಿ ಪಡೆದು ಬದುಕಿದ ಬುಡಗ ಜಂಗಮರ ಬುರ್ರಕಥೆ ಅದು. 1930ರಲ್ಲಿ ಹುಟ್ಟಿ 2014ರ ಆಗಸ್ಟ್‌ನಲ್ಲಿ ತೀರಿಕೊಂಡ ದರೋಜಿ ಈರಮ್ಮ ಅಕ್ಷರ ಕಲಿತವರಲ್ಲ. ತಂದೆಯಿಂದ ಕೇಳಿ ಕಲಿತ ಹನ್ನೆರಡು ಮಹಾಕಾವ್ಯಗಳು ಅವರ ನಾಲಗೆಯ ಮೇಲಿದ್ದವು. ಬರೆದಿಟ್ಟರೆ ಸಾವಿರಾರು ಪುಟ. ರಾಜ್ಯೋತ್ಸವ ಪ್ರಶಸ್ತಿ ಬಂದ 1999ರಲ್ಲಿ ಅವರಿಗೆ 69 ವರ್ಷ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಡುವ ಹೊತ್ತಿಗೆ ಎಪ್ಪತ್ತು ದಾಟಿತ್ತು. ಇದನ್ನು ದೈವದತ್ತ ಪ್ರತಿಭೆ ಎಂದು ಕೈಮುಗಿದು ಸುಮ್ಮನಾಗುವುದು ಸುಲಭ. ಆದರೆ ಅದು ಆ ಕಸುಬಿಗೆ ಮಾಡುವ ಅನ್ಯಾಯ. ವಯಸ್ಸು ಮನುಷ್ಯನಿಂದ ಏನನ್ನು ಕಸಿಯುತ್ತದೆ, ಏನನ್ನು ಉಳಿಸುತ್ತದೆ ಎಂಬುದನ್ನು ವಿಜ್ಞಾನ ಅಳೆಯುವ ಎಷ್ಟೋ ಮೊದಲೇ, ಉಳಿಯುವುದರ ಮೇಲೆಯೇ ಈ ಕಸುಬು ತನ್ನ ಕಟ್ಟಡ ಎಬ್ಬಿಸಿತ್ತು ಎಂಬುದು ನನ್ನ ವಾದ.

ಈ ಸೀಮೆಯ ಕಥೆಯನ್ನೇ ನೋಡಿ. ದರೋಜಿಯಿಂದ ಉತ್ತರಕ್ಕಿರುವ ಕಂಪ್ಲಿಯ ಹೆಸರಿನಲ್ಲೇ ಒಂದು ರಾಜ್ಯವಿತ್ತು. 1327ರ ಸುಮಾರಿಗೆ ಅದು ಮುಹಮ್ಮದ್ ಬಿನ್ ತುಘಲಕ್‌ನ ಸೈನ್ಯಕ್ಕೆ ಬಲಿಯಾಯಿತು. ಕಂಪಿಲರಾಯನ ಮಗ ಕುಮಾರರಾಮ ಕಾದಿ ಮಡಿದ. 16ನೆಯ ಶತಮಾನದಲ್ಲಿ ನಂಜುಂಡ ಕವಿ ಆ ಕಥೆಯನ್ನು ಸಾಂಗತ್ಯದಲ್ಲಿ ಬರೆದದ್ದುಂಟು. ಆದರೆ ಓದು ಬಾರದ ಜನರ ನಡುವೆ ಆರು ನೂರಕ್ಕೂ ಹೆಚ್ಚು ವರ್ಷ ಕುಮಾರರಾಮನನ್ನು ಉಸಿರಾಡಿಸಿದ್ದು ಹಾಡುವ ಬಾಯಿಗಳೇ. ಈರಮ್ಮನವರು ಹಾಡುತ್ತಿದ್ದ ಕಾವ್ಯಗಳಲ್ಲಿ ಕುಮಾರರಾಮನದೂ ಒಂದು. ಚೆಂಡಾಟದ ಚೆಂಡು ಮಲತಾಯಿ ರತ್ನಾಜಿಯ ಮನೆಗೆ ಬೀಳುವುದು, ಅವಳ ಮೋಹ, ಮಗನ ನಿರಾಕರಣೆ, ಸುಳ್ಳು ಆರೋಪ, ತಲೆ ಕಡಿಯುವ ಅಪ್ಪಣೆ, ಮಂತ್ರಿ ಬೈಚಪ್ಪ ಬೇರೊಂದು ತಲೆ ತೋರಿಸಿ ರಾಮನನ್ನು ಬಚ್ಚಿಡುವುದು, ತುರುಕರ ದಂಡು ಬಂದಾಗ ಅವನು ಮತ್ತೆ ಹೊರಬರುವುದು: ಒಂದು ಸನ್ನಿವೇಶ ಇನ್ನೊಂದನ್ನು ತಾನಾಗಿ ಎಳೆದು ತರುತ್ತದೆ. ಕಥೆಗಾರ್ತಿ ಪದ ಪದವನ್ನು ಕಂಠಪಾಠ ಮಾಡಬೇಕಾಗಿಲ್ಲ. ಕಥೆಯ ಎಲುಬುಗೂಡು, ಮರಳಿ ಮರಳಿ ಬರುವ ವರ್ಣನೆಗಳು, ತಂಬೂರಿಯ ಲಯ, ನಡುನಡುವೆ ಹೂಂಗುಟ್ಟಿ ದನಿ ಕೂಡಿಸುವ ಹಿಮ್ಮೇಳ, ಇಷ್ಟಿದ್ದರೆ ಕಾವ್ಯ ಆ ರಾತ್ರಿಗೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಹಿಮ್ಮೇಳ ದನಿ ಎತ್ತಿದಾಗ ಸಿಗುವ ಕ್ಷಣದ ಬಿಡುವಿನಲ್ಲಿ ಮುಂದಿನ ಸಾಲು ಸಿದ್ಧವಾಗುತ್ತದೆ. ನೆನಪಿನ ಭಾರವನ್ನು ಒಬ್ಬರ ತಲೆಯ ಮೇಲೆ ಹೇರದೆ ಮೇಳಕ್ಕೆ ಹಂಚಿದ ವ್ಯವಸ್ಥೆ ಇದು.

ಈಗ ವಿಜ್ಞಾನದ ಕಡೆ ಬರೋಣ. ಕೆ. ವಾರ್ನರ್ ಷಾಯ್ 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಆರಂಭಿಸಿದ ಅಧ್ಯಯನ ಏಳು ವರ್ಷಕ್ಕೊಮ್ಮೆ ಅದೇ ಜನರನ್ನು ಮತ್ತೆ ಪರೀಕ್ಷಿಸುತ್ತ ದಶಕಗಳ ಕಾಲ ನಡೆಯಿತು. ಮೊದಲು ಕುಂದುವುದು ವೇಗ. ಮಾತಿನ ಸಂಪತ್ತು, ಕೂಡಿಟ್ಟ ತಿಳಿವಳಿಕೆ ಬಹುಕಾಲ ಗಟ್ಟಿಯಾಗಿರುತ್ತವೆ ಎಂದು ಅದು ತೋರಿಸಿತು. ಮಿದುಳಿನ ಚಟುವಟಿಕೆಯನ್ನೇ ಚಿತ್ರಿಸಿ ನೋಡಿದ ರಾಬರ್ಟೊ ಕಬೆಜಾ ಮತ್ತು ಸಂಗಡಿಗರು 2002ರಲ್ಲಿ ಇನ್ನೊಂದು ಸಂಗತಿ ಕಂಡರು. ನೆನಪಿನ ಕೆಲಸದಲ್ಲಿ ಯುವಕರ ಮುಂಮಿದುಳು ಹೆಚ್ಚಾಗಿ ಒಂದೇ ಬದಿಯಲ್ಲಿ ದುಡಿಯುತ್ತಿತ್ತು. ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಿದ್ದ ವೃದ್ಧರಲ್ಲಿ ಎರಡೂ ಬದಿ ದುಡಿಯುತ್ತಿದ್ದವು. ಆರೋಗ್ಯವಂತ ಮುಪ್ಪು ಎಂದರೆ ಬರೀ ಸವಕಳಿಯಲ್ಲ, ಮಿದುಳು ತನ್ನ ಕೆಲಸದ ದಾರಿಯನ್ನು ಮಾರ್ಪಡಿಸಿಕೊಳ್ಳುವುದೂ ಹೌದು. ಬುರ್ರಕಥೆ ಹಿರಿಯರಿಂದ ಕೇಳುವುದು ವೇಗವನ್ನಲ್ಲ. ಕೂಡಿಟ್ಟ ಮಾತು, ಪಳಗಿದ ಕಥನ, ಅರವತ್ತು ವರ್ಷ ತಿದ್ದಿಕೊಂಡ ಲಯ, ಇವೇ ಅದರ ಬಂಡವಾಳ. ಇದು ದರೋಜಿಯ ಒಂಟಿ ವಿಚಿತ್ರವೂ ಅಲ್ಲ. 1935ರಲ್ಲಿ ಯುಗೊಸ್ಲಾವಿಯಾದಲ್ಲಿ ಮಿಲ್‌ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ದಾಖಲಿಸಿದ ಅವ್ದೊ ಮೆಜೆದೊವಿಚ್‌ಗೆ ಆಗ ಅರವತ್ತರ ಆಸುಪಾಸು. ಓದುಬರಹ ಬಾರದ ಆತ ಹನ್ನೆರಡು ಸಾವಿರ ಸಾಲು ಮೀರಿದ ಕಾವ್ಯವನ್ನು ಬಾಯಲ್ಲಿ ಹೇಳಿ ಬರೆಸಿದ.

ಪದಶಃ ಒಪ್ಪಿಸದಿದ್ದರೆ ಅದೆಂಥ ನೆನಪು ಎಂದು ಕೇಳಬಹುದು. ಪದಶಃ ಒಪ್ಪಿಸುವುದನ್ನೇ ನೆನಪು ಎಂದು ಕರೆಯುವುದು ಶಾಲೆ ಕಲಿಸಿದ ಅಭ್ಯಾಸ. ಗಂಟೆಗಟ್ಟಲೆ ಕಥೆಯ ಎಳೆ ತಪ್ಪದಂತೆ, ಕೇಳುಗರ ಮುಖ ನೋಡುತ್ತ, ಎಲ್ಲಿ ಹಿಗ್ಗಿಸಬೇಕು ಎಲ್ಲಿ ಕುಗ್ಗಿಸಬೇಕು ಎಂದು ಆಗಿಂದಾಗಲೇ ತೀರ್ಮಾನಿಸುವುದು ಒಪ್ಪಿಸುವುದಕ್ಕಿಂತ ಕಷ್ಟದ ಕೆಲಸ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ: ಮರೆವಿನಿಂದ ಮೂಲೆಗುಂಪಾದ ಹಾಡುಗಾರರು ಯಾರ ಕಣ್ಣಿಗೂ ಬೀಳುವುದಿಲ್ಲ, ಪ್ರಶಸ್ತಿ ಪಡೆದವರೊಬ್ಬರನ್ನು ತೋರಿಸಿ ಕಸುಬಿಗೇ ಕೀರ್ತಿ ಕಟ್ಟುವುದು ಸರಿಯೇ? ಒಂದು ಬಾಳು ಪುರಾವೆಯಾಗದು ಎಂಬುದು ನಿಜ. ಆದ್ದರಿಂದಲೇ ನಿಮ್ಹಾನ್ಸ್‌ನ ಸುವರ್ಣಾ ಅಲ್ಲಾಡಿಯವರು ಹೈದರಾಬಾದಿನಲ್ಲಿದ್ದಾಗ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಮರೆವಿನ ರೋಗಕ್ಕೆ ತುತ್ತಾದ 648 ಜನರಲ್ಲಿ, ಎರಡು ಭಾಷೆ ಬಲ್ಲವರಿಗೆ ರೋಗ ಕಾಣಿಸಿಕೊಂಡದ್ದು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಅಕ್ಷರ ಬಾರದವರಲ್ಲೂ ಈ ಅಂತರ ಇತ್ತು. ಮನೆಯಲ್ಲಿ ತೆಲುಗು, ಊರಿನಲ್ಲಿ ಕನ್ನಡ ಆಡುವ ಬುಡಗ ಜಂಗಮರಂಥವರ ಬಾಳಿಗೆ ಹತ್ತಿರದ ಸಾಕ್ಷ್ಯ ಇದು. ಇದೂ ಕಾರಣವನ್ನು ಸಾಬೀತುಪಡಿಸುವುದಿಲ್ಲ, ಸಂಬಂಧವನ್ನಷ್ಟೇ ತೋರಿಸುತ್ತದೆ. ಆದರೆ ಓದದವರ ಮಿದುಳಿಗೆ ಮುಪ್ಪಿನಲ್ಲಿ ಆಸರೆಯೇ ಇಲ್ಲ ಎಂಬ ಸಲೀಸಾದ ನಂಬಿಕೆಯನ್ನು ಅಲುಗಿಸಲು ಅಷ್ಟು ಸಾಕು.

ಅಲೆಮಾರಿ ಬಡತನವನ್ನೇ ಮಿದುಳಿನ ಟಾನಿಕ್ ಎಂದು ಹೊಗಳುವವರ ಜೊತೆ ಮಾತ್ರ ನಾನು ನಿಲ್ಲಲಾರೆ. ಹಸಿವು, ಔಷಧಿಯಿಲ್ಲದ ರೋಗ, ಊರ ಹೊರಗಿನ ಗುಡಾರ ಯಾರ ನೆನಪನ್ನೂ ಪೋಷಿಸಿಲ್ಲ. ಬುರ್ರಕಥೆಯ ಹಾಡುಗಾರರು ಕಾವ್ಯ ಉಳಿಸಿಕೊಂಡದ್ದು ಅವೆಲ್ಲದರ ನಡುವೆಯೂ, ಅವುಗಳಿಂದಲ್ಲ. ಉಳಿಸಿದ್ದು ಎಳೆತನದ ಕಲಿಕೆ, ಬಿಡದ ಬಳಕೆ, ಎದುರಿಗೆ ಕುಳಿತು ಕೇಳುವ ಜನ. ಕೊನೆಯದು ಈಗ ಇಲ್ಲವಾಗುತ್ತಿದೆ. ಧ್ವನಿಮುದ್ರಿಕೆ ಮತ್ತು ಪುಸ್ತಕ ಕಾವ್ಯವನ್ನು ಕಾಪಾಡಬಹುದು, ಹಾಡುವವರ ಮನಸ್ಸನ್ನು ಕಾಪಾಡಲಾರವು. ಪ್ರತಿ ವರ್ಷ ಹಂಪಿ ಉತ್ಸವಕ್ಕೆ ವೇದಿಕೆ ಕಟ್ಟುವ ಸರ್ಕಾರ, ಹೊಸಪೇಟೆ, ಸಂಡೂರು, ಕಂಪ್ಲಿಯ ಶಾಲೆಗಳಲ್ಲಿ ಹಿರಿಯ ಕಥೆಗಾರರಿಗೆ ವರ್ಷವಿಡೀ ಹಾಡುವ ಕೆಲಸವನ್ನೂ ಅದಕ್ಕೆ ತಕ್ಕ ಸಂಬಳವನ್ನೂ ಕೊಡಲಿ. ಅವರ ಪಕ್ಕದಲ್ಲಿ ಕುಳಿತು ಕಲಿಯುವ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಲಿ. ಪ್ರಶಸ್ತಿಯನ್ನು ಎಪ್ಪತ್ತರವರೆಗೆ ಕಾಯಿಸುವುದು ಬೇಡ.