ಗುಡ್ಡ ಕಾಯುವ ಬೇತಾಳ

ಪುಣೆ ನಗರದೊಳಗಿನ ಅತಿ ಎತ್ತರದ ಗುಡ್ಡಕ್ಕೆ ಯಾವ ರಾಜನ ಹೆಸರೂ ಇಲ್ಲ, ಪೇಶ್ವೆಯ ಹೆಸರೂ ಇಲ್ಲ. ಅದು ವೇತಾಳ ಟೇಕಡಿ, ಅಂದರೆ ಬೇತಾಳನ ಗುಡ್ಡ. ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರವಿರುವ ಅದರ ನೆತ್ತಿಯ ಮೇಲೆ ವೇತಾಳನ ಗುಡಿಯಿದೆ. ಬೆಳಗಿನ ವಾಕಿಂಗಿಗೆ ಬಂದವರು ಅಲ್ಲಿ ಕೈಮುಗಿದು ಇಳಿದು ಹೋಗುತ್ತಾರೆ. ಕೆಳಗೆ ಹಳೆಯ ಊರಿನಲ್ಲೂ ಅವನ ಗುರುತಿದೆ. ಇಂದಿನ ಗುರುವಾರ ಪೇಟೆಗೆ ಹಿಂದೆ ವೇತಾಳ ಪೇಟೆ ಎಂದೇ ಹೆಸರಿತ್ತು. ಹೆಣದೊಳಗೆ ಹೊಕ್ಕು, ಸ್ಮಶಾನದ ಮರಕ್ಕೆ ತಲೆಕೆಳಗಾಗಿ ನೇತುಬೀಳುವ ಭೂತದ ಹೆಸರನ್ನು ಒಂದು ಊರು ತನ್ನ ಗುಡ್ಡಕ್ಕೂ ಪೇಟೆಗೂ ಇಟ್ಟುಕೊಂಡಿತ್ತೆಂದರೆ, ಆ ಭೂತದ ಬಗ್ಗೆ ನಮಗೆ ಗೊತ್ತಿರುವ ಕಥೆ ಪೂರ್ತಿಯಲ್ಲ ಎಂದಾಯಿತು.

ಕನ್ನಡದ ಓದುಗರಿಗೆ ಬೇತಾಳ ಸಿಕ್ಕಿದ್ದು ಬಹುಪಾಲು ‘ಚಂದಮಾಮ’ದಲ್ಲಿ. ಕಲಾವಿದ ಶಂಕರ್ (1924–2020) ಬರೆದ ಆ ಚಿತ್ರ ಎಷ್ಟೋ ಜನರ ಬಾಲ್ಯದೊಳಗೆ ಅಚ್ಚಾಗಿ ಕೂತಿದೆ: ಕತ್ತಲ ಸ್ಮಶಾನ, ಹಿರಿದ ಕತ್ತಿ, ರಾಜನ ಹೆಗಲ ಮೇಲೊಂದು ಹೆಣ. ‘ಛಲ ಬಿಡದ ತ್ರಿವಿಕ್ರಮ’ ಎಂಬ ಮಾತು ಪತ್ರಿಕೆಯಿಂದ ಎದ್ದು ಬಂದು ಮನೆಮಾತಾಯಿತು. ಪರೀಕ್ಷೆಗೆ ಮೂರನೆಯ ಸಲ ಕೂತವನಿಗೂ, ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆದವನಿಗೂ ಅದೇ ಬಿರುದು. ಪುಣೆಯ ಮಕ್ಕಳು ಇದೇ ಕಥೆಗಳನ್ನು ‘ಚಾಂದೋಬಾ’ ಎಂಬ ಮರಾಠಿ ಆವೃತ್ತಿಯಲ್ಲಿ ಓದಿದರು. 1985ರಲ್ಲಿ ರಾಮಾನಂದ ಸಾಗರ್ ಅವರ ‘ವಿಕ್ರಮ್ ಔರ್ ಬೇತಾಳ್’ ದೂರದರ್ಶನಕ್ಕೆ ಬಂದ ಮೇಲೆ ಇಡೀ ದೇಶಕ್ಕೆ ಬೇತಾಳನ ಮುಖ ಒಂದೇ ಆಯಿತು. ನಟ ಸಜ್ಜನ್ ಅವರ ಬಿಳಿ ಕೂದಲು, ತುಂಟ ನಗು.

ಹಿಂದಿಯಲ್ಲಿ ವಿಕ್ರಮ, ಕನ್ನಡದಲ್ಲಿ ತ್ರಿವಿಕ್ರಮ. ಈ ವ್ಯತ್ಯಾಸ ಅಚ್ಚಿನ ತಪ್ಪಲ್ಲ. ಕಾಶ್ಮೀರದ ಸೋಮದೇವ 11ನೇ ಶತಮಾನದಲ್ಲಿ ಬರೆದ ‘ಕಥಾಸರಿತ್ಸಾಗರ’ದಲ್ಲಿ ಬೇತಾಳನನ್ನು ಹೊತ್ತವನು ಉಜ್ಜಯಿನಿಯ ವಿಕ್ರಮಾದಿತ್ಯನಲ್ಲ. ಗೋದಾವರಿ ದಡದ ಪ್ರತಿಷ್ಠಾನದ ಅರಸ ತ್ರಿವಿಕ್ರಮಸೇನ. ಪ್ರತಿಷ್ಠಾನ ಎಂದರೆ ಇಂದಿನ ಮಹಾರಾಷ್ಟ್ರದ ಪೈಠಣ, ಶಾತವಾಹನರ ರಾಜಧಾನಿ. ಅದೇ ಶಾತವಾಹನರ ರಾಣಿ ನಾಗನಿಕೆಯ ಶಾಸನವಿರುವ ನಾಣೇಘಾಟ್ ಕಣಿವೆ ಪುಣೆ ಜಿಲ್ಲೆಯ ಜುನ್ನರ್ ಭಾಗದಲ್ಲಿದೆ. ಸೋಮದೇವನ ಮೂಲ ಗುಣಾಢ್ಯನ ‘ಬೃಹತ್ಕಥೆ’. ಆ ಗುಣಾಢ್ಯ ಶಾತವಾಹನರ ಆಸ್ಥಾನದಲ್ಲಿದ್ದನೆಂದೂ, ಪೈಶಾಚಿ ಎಂಬ ಭಾಷೆಯಲ್ಲಿ ಬರೆದನೆಂದೂ ಪರಂಪರೆ ಹೇಳುತ್ತದೆ. ಕನ್ನಡ ನಾಡಿಗೂ ಆ ಗ್ರಂಥದ ನಂಟು ಹಳೆಯದು. ಗಂಗ ದೊರೆ ದುರ್ವಿನೀತ ಅದನ್ನು ಸಂಸ್ಕೃತಕ್ಕೆ ತಂದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನ ತಿಳಿಸುತ್ತದೆ. ದುರ್ಗಸಿಂಹ ತನ್ನ ‘ಪಂಚತಂತ್ರ’ದಲ್ಲಿ, ಸುಮಾರು 1031ರಲ್ಲಿ, ಗುಣಾಢ್ಯನನ್ನು ನೆನೆಯುತ್ತಾನೆ. ಹೀಗೆ ನೋಡಿದರೆ ಬೇತಾಳನನ್ನು ಹೊತ್ತ ರಾಜ ದಖ್ಖನಿನವನು. ‘ಚಂದಮಾಮ’ ಅವನ ಹೆಸರನ್ನು ಉಳಿಸಿಕೊಂಡಿತು.

ಕಥೆಯ ಚೌಕಟ್ಟು ಎಲ್ಲರಿಗೂ ಗೊತ್ತು. ಕ್ಷಾಂತಿಶೀಲ ಎಂಬ ಸನ್ಯಾಸಿ ದಿನವೂ ಅರಮನೆಗೆ ಬಂದು ರಾಜನಿಗೆ ಒಂದು ಹಣ್ಣು ಕೊಡುತ್ತಾನೆ. ಎಷ್ಟೋ ವರ್ಷಗಳ ಮೇಲೆ, ಹಣ್ಣಿನೊಳಗೆ ರತ್ನವಿದ್ದದ್ದು ತಿಳಿಯುತ್ತದೆ. ಋಣಕ್ಕೆ ಬಿದ್ದ ರಾಜ, ಸನ್ಯಾಸಿ ಕೇಳಿದಂತೆ ಶಿಂಶಪಾ ಮರದಲ್ಲಿ ನೇತಾಡುವ ಹೆಣವನ್ನು ಸ್ಮಶಾನಕ್ಕೆ ಹೊತ್ತು ತರಲು ಒಪ್ಪುತ್ತಾನೆ. ದಾರಿಯಲ್ಲಿ ಮಾತಾಡಬಾರದು. ಹೆಣದೊಳಗಿನ ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಒಡೆಯುತ್ತದೆ. ಉತ್ತರಿಸಿದರೆ ಮೌನ ಮುರಿದು, ಹೆಣ ಮತ್ತೆ ಮರವೇರುತ್ತದೆ.

ಈ ಬೇತಾಳ ನೋಡಲು ಹೇಗಿದ್ದಾನೆ? ಬೇತಾಳನಿಗೆ ಸ್ವಂತದ್ದೊಂದು ಮೈಯೇ ಇಲ್ಲ. ಅವನು ಇನ್ಯಾರದೋ ಹೆಣದಲ್ಲಿ ಬಾಡಿಗೆಗಿರುವವನು. ನಮ್ಮ ಹಳ್ಳಿಗಳ ದೆವ್ವಕ್ಕೂ ಬೇತಾಳನಿಗೂ ಇರುವ ವ್ಯತ್ಯಾಸ ಇಲ್ಲೇ. ದೆವ್ವವೆಂದರೆ ಆಸೆ ತೀರದೆ ಸತ್ತವರು. ಅದಕ್ಕೊಂದು ಹೆಸರು, ಮನೆತನ, ಹಳೆಯ ಸೇಡು ಇರುತ್ತದೆ. ಅದು ಬದುಕಿರುವವರ ಮೈಮೇಲೆ ಬರುತ್ತದೆ. ಬೇತಾಳ ಸತ್ತ ಯಾವ ಮನುಷ್ಯನ ಆತ್ಮವೂ ಅಲ್ಲ, ಯಾರ ಮೇಲೂ ಅವನಿಗೆ ಸೇಡಿಲ್ಲ. ಅವನು ಹೊಗುವುದು ಸತ್ತ ಮೈಯೊಳಗೆ. ಜೀವವಿಲ್ಲದ ಬಾಯಿ ಇದ್ದಕ್ಕಿದ್ದಂತೆ ನಗುತ್ತದೆ, ಮಾತಾಡುತ್ತದೆ. ಕಥೆಯಲ್ಲಿ ಹೆದರಿಸುವ ಸಂಗತಿ ಅದು. ಕೋರೆಹಲ್ಲು, ಕೆಂಗಣ್ಣು ಇವೆಲ್ಲ ಚಿತ್ರಗಾರರು ತಮ್ಮ ಅನುಕೂಲಕ್ಕೆ ಸೇರಿಸಿಕೊಂಡವು.

ಹೆಣದ ಮೂಲಕ ಶಕ್ತಿ ಪಡೆಯುವ ಸ್ಮಶಾನ ಸಾಧನೆ ಕಥೆಗಾರರ ಕಲ್ಪನೆಯಷ್ಟೇ ಆಗಿರಲಿಲ್ಲ. 7ನೇ ಶತಮಾನದ ಬಾಣ ‘ಹರ್ಷಚರಿತ’ದಲ್ಲಿ ಭೈರವಾಚಾರ್ಯನೆಂಬವನು ಹೆಣದ ಬಾಯಲ್ಲಿ ಬೆಂಕಿ ಹೊತ್ತಿಸಿ ನಡೆಸುವ ಬೇತಾಳ ಸಾಧನೆಯನ್ನು ವಿವರವಾಗಿ ಬಣ್ಣಿಸಿದ್ದಾನೆ. ಅಲ್ಲೂ ಸಾಧಕನ ಕಾವಲಿಗೆ ಒಬ್ಬ ರಾಜನಿದ್ದಾನೆ. ಆದರೆ ಬೇತಾಳ ಕಥೆಗಳು ಈ ಆಚರಣೆಯನ್ನು ತಿರುಗಿಸಿ ನೋಡಿದವು. ಇಲ್ಲಿ ಸಾಧಕನೇ ಕೊಲೆಗಡುಕ, ಹೆಣವೇ ಹಿತೈಷಿ.

ಅದು ಗೊತ್ತಾಗುವುದು ಕೊನೆಯ ಪ್ರಶ್ನೆಯಲ್ಲಿ. ಒಬ್ಬ ತಂದೆ, ಅವನ ಮಗ ಕಾಡಿನಲ್ಲಿ ಇಬ್ಬರು ಹೆಂಗಸರ ಹೆಜ್ಜೆಗುರುತು ಕಾಣುತ್ತಾರೆ. ದೊಡ್ಡ ಹೆಜ್ಜೆಯವಳು ತಂದೆಗೆ, ಚಿಕ್ಕ ಹೆಜ್ಜೆಯವಳು ಮಗನಿಗೆ ಎಂದು ಮಾತಾಗುತ್ತದೆ. ನೋಡಿದರೆ ದೊಡ್ಡ ಹೆಜ್ಜೆ ಮಗಳದು, ಚಿಕ್ಕದು ತಾಯಿಯದು. ಕೊಟ್ಟ ಮಾತಿನಂತೆ ತಂದೆ ಮಗಳನ್ನೂ, ಮಗ ತಾಯಿಯನ್ನೂ ಮದುವೆಯಾಗುತ್ತಾರೆ. ಈ ಇಬ್ಬರಿಗೆ ಹುಟ್ಟಿದ ಮಕ್ಕಳು ಪರಸ್ಪರ ಏನಾಗಬೇಕು? ರಾಜನಿಗೆ ಉತ್ತರ ತಿಳಿಯುವುದಿಲ್ಲ. ನಿಜವಾಗಿಯೂ ತಿಳಿಯದ್ದರಿಂದ ಅವನ ಮೌನ ಸುಳ್ಳಲ್ಲ, ತಲೆಯೂ ಒಡೆಯುವುದಿಲ್ಲ. ರಾತ್ರಿಯೆಲ್ಲ ಜಾಣತನ ತೋರಿದವನು ಗೆಲ್ಲುವುದು ಗೊತ್ತಿಲ್ಲ ಎಂಬ ಜಾಗದಲ್ಲಿ. ಆಗ ಬೇತಾಳ ಸನ್ಯಾಸಿಯ ಸಂಚನ್ನು ಬಿಡಿಸಿ ಹೇಳುತ್ತಾನೆ: ಸಾಷ್ಟಾಂಗ ನಮಸ್ಕಾರ ಮಾಡು ಎಂದು ಅವನು ಹೇಳುತ್ತಾನೆ, ನೀನು ಬಗ್ಗಿದರೆ ತಲೆ ಕಡಿಯುತ್ತಾನೆ, ಹೇಗೆಂದು ನೀನೇ ತೋರಿಸು ಅನ್ನು. ರಾಜ ಹಾಗೇ ಮಾಡಿ ಬದುಕಿಕೊಳ್ಳುತ್ತಾನೆ. ಭೂತ ಇಡೀ ರಾತ್ರಿ ಅವನನ್ನು ಮರದಿಂದ ಸ್ಮಶಾನಕ್ಕೆ, ಸ್ಮಶಾನದಿಂದ ಮರಕ್ಕೆ ಅಲೆಸಿದ್ದು ಕಾಯುವ ಕೆಲಸವೇ ಆಗಿತ್ತು. ಅಷ್ಟು ಸಲವೂ ಅವನ ಸಾವು ಮುಂದಕ್ಕೆ ಹೋಗಿತ್ತು.

ಗ್ರಂಥದ ಬೇತಾಳ ಕೊನೆಯಲ್ಲಿ ಕಾವಲುಗಾರನಾದರೆ, ಊರಿನ ವೇತಾಳ ಮೊದಲಿನಿಂದಲೂ ಕಾವಲುಗಾರ. ಪುಣೆಯಲ್ಲಿ ಇದ್ದ ಸ್ಕಾಟಿಷ್ ಪಾದ್ರಿ, ವಿದ್ವಾಂಸ ಜಾನ್ ಸ್ಟೀವನ್ಸನ್ 1830ರ ದಶಕದ ಕೊನೆಯ ಹೊತ್ತಿಗೆ ದಖ್ಖನಿನ ವೇತಾಳ ಪೂಜೆಯ ಬಗ್ಗೆ ಬರೆದರು. ಅವರು ಕಂಡದ್ದು ಗುಡಿಯಲ್ಲ, ಮೂರ್ತಿಯೂ ಅಲ್ಲ. ಊರ ಹೊರಗೊಂದು ಒರಟು ಕಲ್ಲು, ಅದರ ಸುತ್ತ ಸಣ್ಣ ಕಲ್ಲುಗಳ ಬಳಸು, ಅವುಗಳ ಮೇಲೆ ಸುಣ್ಣ ಮತ್ತು ಕೆಂಪು. ನಡುವಿನ ಕಲ್ಲು ಭೂತಗಳ ದೊರೆ, ಸುತ್ತಲಿನವು ಅವನ ಪಡೆ. ಅಮಾವಾಸ್ಯೆಯ ರಾತ್ರಿ ಪಂಜಿನ ದಂಡಿನೊಡನೆ ಅವನು ಊರ ಸುತ್ತ ಸವಾರಿ ಹೋಗುತ್ತಾನೆಂಬ ನಂಬಿಕೆ ಮಹಾರಾಷ್ಟ್ರದಲ್ಲಿ ವ್ಯಾಪಕ. ಕೆಲವೆಡೆ ಪೈಲ್ವಾನರು ಅವನಿಗೆ ನಡೆದುಕೊಳ್ಳುತ್ತಾರೆ. ಗೋವಾ ಮತ್ತು ಕೊಂಕಣದಲ್ಲಿ ಬೇತಾಳನಿಗೆ ತೊಗಲಿನ ಚಪ್ಪಲಿ ಒಪ್ಪಿಸುವ ಹರಕೆಯಿದೆ. ರಾತ್ರಿಯೆಲ್ಲ ಊರು ಸುತ್ತಿ ಕಾಯುವವನ ಮೆಟ್ಟು ಸವೆಯುವುದಿಲ್ಲವೇ?

ಹಳೇ ಮೈಸೂರಿನ ಕಡೆಯವರಿಗೆ ಇದು ಹೊಸದೇನಲ್ಲ. ತೋಟದ ಅಂಚಿನ ಮುನೇಶ್ವರನೂ ಇಂಥವನೇ. ಹೊತ್ತು ಮುಳುಗಿದ ಮೇಲೆ ಅತ್ತ ಹೋಗಲು ಮಕ್ಕಳನ್ನು ಬಿಡುವುದಿಲ್ಲ, ಬೆಳೆ ಕಾಯಲು ಅವನೇ ಬೇಕು. ಕರಾವಳಿಯಲ್ಲಿ ಭೂತ ಎಂಬ ಮಾತೇ ದೈವ ಎಂಬ ಅರ್ಥ ಕೊಡುತ್ತದೆ. ಎಲ್ಲೆಯಲ್ಲಿ ನಿಂತು ಹೊರಗಿನದನ್ನು ತಡೆಯುವವನು ಒಳಗಿನವರಿಗೂ ಸ್ವಲ್ಪ ಹೆದರಿಕೆ ಹುಟ್ಟಿಸಲೇಬೇಕು. ಹೆದರಿಕೆ ಹುಟ್ಟಿಸದ ಕಾವಲುಗಾರನಿಂದ ಊರಿಗೇನು ಉಪಯೋಗ?

ಈ ಎರಡನೆಯ ಮುಖ ಅಳಿಸಿಹೋದದ್ದು ಲಂಡನ್ನಿನಲ್ಲಿ. ಬೊಂಬಾಯಿ ಸೈನ್ಯದಲ್ಲಿದ್ದ ರಿಚರ್ಡ್ ಬರ್ಟನ್ ಈ ಕಥೆಗಳಲ್ಲಿ ಹನ್ನೊಂದನ್ನು ತನ್ನಿಷ್ಟದಂತೆ ಹಿಗ್ಗಿಸಿ 1870ರಲ್ಲಿ ‘ವಿಕ್ರಮ್ ಅಂಡ್ ದಿ ವ್ಯಾಂಪೈರ್’ ಎಂದು ಪ್ರಕಟಿಸಿದ. ಮೈಯಿಲ್ಲದ ಬೇತಾಳನಿಗೆ ಅವನು ಮೈ ಕೊಟ್ಟ: ಮಿಟುಕದ ಕಣ್ಣು, ಕಂದು ಮುಖ, ದೊಡ್ಡ ಬಾವಲಿಯಂತೆ ನೇತಾಟ, ಮುಟ್ಟಿದರೆ ಹಾವಿನಂಥ ತಣ್ಣನೆ, ಹಿಂದೆ ಆಡಿನಂಥ ಮೋಟು ಬಾಲ. ಹೆಸರೂ ಬದಲಾಯಿತು. ವ್ಯಾಂಪೈರ್ ಯೂರೋಪಿನಲ್ಲಿ ರಕ್ತ ಹೀರುವ ಶವ. ಬೇತಾಳ ಈ ಕಥೆಗಳಲ್ಲಿ ರಾಜನ ಒಂದು ತೊಟ್ಟು ರಕ್ತವನ್ನೂ ಬಯಸುವುದಿಲ್ಲ, ಅವನಿಗೆ ಬೇಕಿರುವುದು ಉತ್ತರ. ಬ್ರಾಮ್ ಸ್ಟೋಕರ್ ‘ಡ್ರಾಕುಲಾ’ ಪ್ರಕಟಿಸಿದ್ದು 1897ರಲ್ಲಿ. ಅವನಿಗೆ ಬರ್ಟನ್ನನ ಪರಿಚಯವಿತ್ತು. ಅದರಿಂದ ಕಥೆ ಹುಟ್ಟಿತೆಂದು ಹೇಳಲಾಗದು. ಆದರೆ ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ಬೇತಾಳ ರಕ್ತ ಹೀರುವವರ ಸಾಲಿಗೆ ಸೇರಿಹೋದ. ಪತ್ರಿಕೆ, ಟೀವಿಗಳು ಅವನನ್ನು ಮಕ್ಕಳಿಗೆ ಒಗ್ಗುವಂತೆ ಹಗುರಾಗಿಸಿದವು. ಒಂದೆಡೆ ರಾಕ್ಷಸ, ಇನ್ನೊಂದೆಡೆ ತಮಾಷೆಯ ಅಜ್ಜ. ಕಾವಲುಗಾರ ಎರಡೂ ಕಡೆ ಕಾಣದಾದ.

ಅವನ ಪ್ರಶ್ನೆಗಳು ಮಾತ್ರ ಸುಮ್ಮನಾಗಲಿಲ್ಲ. ತಲೆ ಅದಲುಬದಲಾದ ಇಬ್ಬರು ಗಂಡಸರ ಕಥೆಯಲ್ಲಿ ಹೆಂಗಸಿಗೆ ಗಂಡನ್ಯಾರು ಎಂದು ಬೇತಾಳ ಕೇಳಿದ್ದ. ತಲೆ ಇದ್ದವನೇ ಎಂದು ರಾಜ ತಡವಿಲ್ಲದೆ ಹೇಳಿ ಮುಗಿಸಿದ. ಸೋಮದೇವನಲ್ಲಿ ಆ ಇಬ್ಬರು ಗಂಡ ಮತ್ತು ಅವಳ ಅಣ್ಣ. ಹೈನ್‌ರಿಶ್ ಸಿಮ್ಮರ್ ಎಂಬ ಭಾರತ ತಜ್ಞನ ಬರಹದಿಂದ ಕಥೆಯನ್ನು ಪಡೆದ ಜರ್ಮನ್ ಲೇಖಕ ಥಾಮಸ್ ಮಾನ್ 1940ರಲ್ಲಿ ಗಂಡ ಮತ್ತು ಗೆಳೆಯನನ್ನಿಟ್ಟು ಕಾದಂಬರಿ ಬರೆದ. ಗಿರೀಶ ಕಾರ್ನಾಡರ ‘ಹಯವದನ’ (1971) ಅಲ್ಲಿಂದ ಮುಂದೆ ಹೋಯಿತು. ದೇವದತ್ತ, ಕಪಿಲ, ಪದ್ಮಿನಿಯರ ನಡುವೆ ರಾಜನ ಆ ಉತ್ತರ ನಿಲ್ಲುವುದಿಲ್ಲ. ತಲೆ ಒಂದು ಹೇಳಿದರೆ ಮೈಗೆ ಬೇರೆಯೇ ನೆನಪು. ಸಾವಿರ ವರ್ಷದ ಹಿಂದೆ ಮುಗಿದ ಪ್ರಶ್ನೆಯನ್ನು ಕನ್ನಡ ನಾಟಕವೊಂದು ಮತ್ತೆ ಮರಕ್ಕೇರಿಸಿತು. ಅದೇ ಕಾರ್ನಾಡರು 1974–75ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಹಳೆಯ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿರುವ ಆ ಸಂಸ್ಥೆ ಇರುವುದು ಲಾ ಕಾಲೇಜು ರಸ್ತೆಯಲ್ಲಿ, ವೇತಾಳ ಟೇಕಡಿಯ ಬುಡದ ಕಡೆಯಲ್ಲೇ.

ಆ ಬುಡದಲ್ಲಿ ಇನ್ನೂ ಎರಡು ವಿಳಾಸಗಳಿವೆ. ಒಂದು, 1917ರಲ್ಲಿ ಆರಂಭವಾದ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆ. ಇನ್ನೊಂದು, ಅದರ ಹತ್ತಿರವೇ ಇದ್ದ ಗಣಿತಜ್ಞ, ಇತಿಹಾಸಕಾರ ಡಿ. ಡಿ. ಕೋಸಂಬಿಯವರ ಮನೆ. ಕೋಸಂಬಿ ಈ ಗುಡ್ಡಗಳನ್ನು ನಡೆದು ನೋಡಿದವರು. ಸೂಕ್ಷ್ಮ ಶಿಲಾಯುಧಗಳನ್ನು ಹೆಕ್ಕಿ ತಂದವರು. ಊರ ಹೊರಗಿನ ದೇವತೆಗಳ ಕಲ್ಲುಗಳು ಬಹಳ ಹಿಂದಿನ ಜನರ ನಡಿಗೆಯ ಹಾದಿಗಳ ಮೇಲಿವೆ ಎಂದು ‘ಮಿಥ್ ಅಂಡ್ ರಿಯಾಲಿಟಿ’ (1962) ಪುಸ್ತಕದಲ್ಲಿ ವಾದಿಸಿದವರು. ಆ ದೃಷ್ಟಿಯಿಂದ ನೋಡಿದರೆ ಗುಡ್ಡದ ವೇತಾಳ ಕಥೆಯಿಂದ ಇಳಿದು ಬಂದವನಲ್ಲ. ಕಥೆಯೇ ಅಂಥ ಕಲ್ಲುಗಳ ಹತ್ತಿರದಿಂದ ಹೊರಟಿರಬಹುದು.

ಈಗ ಆ ಗುಡ್ಡವೇ ಪ್ರಶ್ನೆಯಾಗಿದೆ. ಸುತ್ತ ಕೋಥ್ರುಡ್, ಪಾಷಾಣ, ಸೇನಾಪತಿ ಬಾಪಟ್ ರಸ್ತೆ ಬೆಳೆದು ನಿಂತಿವೆ. ನಡುವೆ ಉಳಿದಿರುವುದು ಹುಲ್ಲು, ಕುರುಚಲು ಕಾಡು, ಹಳೆಯ ಕಲ್ಲುಗಣಿಯ ಹೊಂಡ, ನವಿಲು. ಬಿದ್ದ ಮಳೆ ಇಲ್ಲಿ ಇಂಗಿ ಕೆಳಗಿನ ಬಡಾವಣೆಗಳ ಅಂತರ್ಜಲವಾಗುತ್ತದೆ. ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯಿಂದ ಪೌಡ್ ಫಾಟಾಕ್ಕೆ ಸುಮಾರು ಎರಡು ಕಿಲೋಮೀಟರ್ ರಸ್ತೆ, ಜೊತೆಗೆ ಸುರಂಗಗಳು ಬೇಕೆಂಬುದು ಪಾಲಿಕೆಯ ಯೋಜನೆ. ವಾಹನ ದಟ್ಟಣೆ ಇಳಿಯುತ್ತದೆ ಎಂಬುದು ಅದರ ವಾದ, ಪುಣೆಯ ಸಂಜೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿದವರಿಗೆ ಅದು ಪೊಳ್ಳೆನಿಸುವುದೂ ಇಲ್ಲ. ಹೊಸ ರಸ್ತೆ ಹೊಸ ವಾಹನಗಳನ್ನಷ್ಟೇ ತರುತ್ತದೆ, ಹೋದ ಗುಡ್ಡ ಮರಳದು ಎಂಬುದು ವಿರೋಧಿಸುವವರ ವಾದ. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೂ ಹತ್ತಿದೆ. 2023ರ ಏಪ್ರಿಲ್‌ನಲ್ಲಿ ಗುಡ್ಡ ಉಳಿಸಿ ಎಂದು ಪುಣೆಯ ಜನ ಬೀದಿಗಿಳಿದು ಮೆರವಣಿಗೆ ನಡೆಸಿದರು. ಅವರಲ್ಲಿ ವೇತಾಳನನ್ನು ನಂಬುವವರೂ ಇದ್ದರು, ನಂಬದವರೂ ಇದ್ದರು. ಫಲಕಗಳ ಮೇಲೆ ಇದ್ದದ್ದು ಅವನ ಹೆಸರೇ.

ಊರಿನ ಅಂಚು ಕಾಯಲು ನಿಲ್ಲಿಸಿದ ಕಲ್ಲು ಈಗ ಊರಿನ ನಡುವೆ ಸಿಕ್ಕಿಕೊಂಡಿದೆ. ಹೊರಗಿನಿಂದ ಬರುವುದನ್ನು ತಡೆಯಲೆಂದು ಇದ್ದವನು ಈಗ ತಡೆಯಬೇಕಿರುವುದು ಒಳಗಿನವರನ್ನು. ಬೇತಾಳ ಕಥೆಯ ನಿಯಮ ಉತ್ತರ ಗೊತ್ತಿಲ್ಲದವನನ್ನು ಬಿಟ್ಟುಬಿಡುತ್ತದೆ, ಗೊತ್ತಿದ್ದೂ ಬಾಯಿ ಬಿಡದವನನ್ನು ಬಿಡುವುದಿಲ್ಲ. ಗುಡ್ಡ ಹೋದರೆ ಏನೇನು ಹೋಗುತ್ತದೆಂಬುದು ಪುಣೆಗೆ ಗೊತ್ತಿಲ್ಲದ ವಿಷಯವಲ್ಲ.