ಕುಣಿಯುವ ಇಲಿ, ಮಸುಕು ಇಲಿ: ಸಾಕಣೆಗಾರರ ಅರಿವು ಮತ್ತು ಮೈಯೋಸಿನ್ ಶೋಧದ ಚರಿತ್ರೆ

ಅಕ್ಷರಲೋಕದ ಹೊರಗಿನವರ ಅರಿವನ್ನು ವಿಜ್ಞಾನದ ಚರಿತ್ರೆಯು ಎಷ್ಟರಮಟ್ಟಿಗೆ ದಾಖಲಿಸಿಕೊಂಡಿದೆ ಎಂಬ ಪ್ರಶ್ನೆ ಜಾನಪದ ಅಧ್ಯಯನಕಾರರಿಗೆ ಹೊಸದಲ್ಲ. ಸಾಕಿದ ಇಲಿಯ ವೃತ್ತಾಂತವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದಾಗಿದೆ.

1787ರಲ್ಲಿ ಜಪಾನಿನಲ್ಲಿ ‘ಚಿಂಗನ್ ಸೊಡಾಟೆಗುಸಾ’ ಎಂಬ ಕಿರುಹೊತ್ತಿಗೆ ಅಚ್ಚಾಯಿತು. ಬಣ್ಣದ ಇಲಿಗಳನ್ನು ಸಾಕಿ, ಬಯಸಿದ ಬಣ್ಣದ ಮರಿಗಳನ್ನು ಪಡೆಯುವ ಬಗೆಯನ್ನು ತಿಳಿಸುವ ಕೈಪಿಡಿಯಿದು. ಮೆಂಡೆಲನ ಪ್ರಬಂಧ ಪ್ರಕಟವಾದದ್ದು 1866ರಲ್ಲಿ ಎಂಬುದನ್ನು ನೆನೆದರೆ ಇದರ ಮಹತ್ವ ಮನದಟ್ಟಾಗುತ್ತದೆ. ಇಂಥ ಸಾಕಣೆಗಾರರು ಮೆಚ್ಚಿ ಉಳಿಸಿಕೊಂಡು ಬಂದ ತಳಿಗಳಲ್ಲಿ ‘ಕುಣಿಯುವ ಇಲಿ’ಯೂ ಒಂದು. ನಿಂತಲ್ಲೇ ಗಿರಗಿರನೆ ಸುತ್ತುವ ಈ ಪ್ರಾಣಿಯನ್ನು ಕುರಿತು ರಾಬರ್ಟ್ ಯರ್ಕೀಸ್ 1907ರಲ್ಲಿ ಒಂದು ಗ್ರಂಥವನ್ನೇ ಬರೆದನು. ಬಲಿತ ಕುಣಿಯುವ ಇಲಿಗಳಿಗೆ ಕಿವಿ ಕೇಳುವುದಿಲ್ಲವೆಂಬುದು ಅವನ ಪರೀಕ್ಷೆಗಳಿಂದ ತಿಳಿದುಬಂದಿತು. ನೋಡುವವರಿಗೆ ನೃತ್ಯವಾಗಿ ಕಂಡದ್ದು ಒಳಕಿವಿಯ ಕುಂದು!

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗ್ರಾನ್ಬಿಯಲ್ಲಿ ಅಬೀ ಲೇಥ್ರಾಪ್ ಎಂಬ ಮಾಜಿ ಶಾಲಾಶಿಕ್ಷಕಿ 1900ರ ಸುಮಾರಿಗೆ ಮುದ್ದಿನ ಇಲಿಗಳನ್ನು ಸಾಕಿ ಮಾರತೊಡಗಿದಳು. ಆಕೆಯ ಗಿರಾಕಿಗಳಲ್ಲಿ ಹಾರ್ವರ್ಡ್‌ನ ವಿಲಿಯಂ ಕ್ಯಾಸಲ್ ಕೂಡ ಇದ್ದನು. ತನ್ನ ಇಲಿಗಳ ಮೈಮೇಲೆ ಕಂಡ ಗಾಯಗಳನ್ನು ಗಮನಿಸಿ ವಿದ್ವಾಂಸರಿಗೆ ಕಳುಹಿಸಿದವಳೂ ಆಕೆಯೇ. ಲಿಯೊ ಲೋಬ್ ಅವು ಗೆಡ್ಡೆಗಳೆಂದು ಗುರುತಿಸಿದನು, ಮುಂದೆ ಇಬ್ಬರ ಹೆಸರಿನಲ್ಲೂ ಪ್ರಬಂಧಗಳು ಹೊರಬಂದವು. 2002ರಲ್ಲಿ ಜೀನೋಮಿನ ಕರಡು ಪ್ರಕಟವಾದ ಇಲಿತಳಿಯ ಮೂಲ ಆಕೆಯ ಸಾಕಣೆಯಲ್ಲಿದೆ. ಆದರೂ ಆಕೆಯನ್ನು ಬಹುಕಾಲ ‘ಇಲಿ ಮಾರುವವಳು’ ಎಂದಷ್ಟೇ ಬಗೆಯಲಾಯಿತೆಂಬುದು ಖೇದಕರ.

ಸಾಕಣೆಗಾರರು ಮೆಚ್ಚಿದ ಇನ್ನೊಂದು ಗುಣ ಮಸುಕು ಬಣ್ಣ. ಕ್ಲಾರೆನ್ಸ್ ಲಿಟ್ಲ್ 1909ರಲ್ಲಿ ಆರಂಭಿಸಿದ ಡಿಬಿಎ ತಳಿಯಲ್ಲಿ ಈ ಗುಣ ಸ್ಥಿರಗೊಂಡಿತು. ಇದರ ಹಿಂದಿರುವ ವಂಶವಾಹಿಯ ಸ್ವರೂಪ ತಿಳಿದದ್ದು 1991ರಲ್ಲಿ, ನ್ಯಾನ್ಸಿ ಜೆಂಕಿನ್ಸ್ ಮತ್ತು ನೀಲ್ ಕೋಪ್‌ಲ್ಯಾಂಡ್ ಅವರ ತಂಡದಿಂದ. ಅದು ಮೈಯೋಸಿನ್ ಕುಲಕ್ಕೆ ಸೇರಿದ ಒಂದು ಪ್ರೋಟೀನಿನ ವಂಶವಾಹಿ. ಜೀವಕೋಶದೊಳಗೆ ಆಕ್ಟಿನ್ ಎಂಬ ನವಿರಾದ ಎಳೆಗಳಿವೆ. ಮೈಯೋಸಿನ್‌ಗಳು ಅವನ್ನು ಹಿಡಿದು ಸಾಗುವ ಹೊರೆಯಾಳುಗಳು. ಮಸುಕು ಇಲಿಯಲ್ಲಿ ಬಣ್ಣದ ಕಣಗಳು ತಯಾರಾಗುವುದೇನೋ ನಿಜ, ಆದರೆ ಆಳಿಲ್ಲದ ಸುಗ್ಗಿಯಲ್ಲಿ ರಾಶಿ ಕಣದಲ್ಲೇ ಉಳಿಯುವಂತೆ ಅವು ಕೋಶದ ನಡುವೆಯೇ ಉಳಿದುಬಿಡುತ್ತವೆ. ಡಿಬಿಎ ತಳಿಯಲ್ಲಿ ಈ ದೋಷಕ್ಕೆ ಕಾರಣ, ಹಿಂದೆಂದೋ ಆ ವಂಶವಾಹಿಯೊಳಗೆ ಸೇರಿಕೊಂಡ ಒಂದು ವೈರಸ್. ಅದೇ ವಂಶವಾಹಿ ಸಂಪೂರ್ಣ ಕೆಟ್ಟಾಗ ಮರಿಗಳು ಸೆಳವು ಬಂದು ಸುಮಾರು ಮೂರು ವಾರಗಳಲ್ಲಿ ಸಾಯುತ್ತವೆ.

ಕುಣಿತದ ವಿಷಯಕ್ಕೆ ಮರಳುವುದಾದರೆ, ಜಪಾನಿನ ಕುಣಿಯುವ ಇಲಿಯ ದೋಷ 2001ರಲ್ಲಿ ಕಂಡುಬಂದಂತೆ ಕ್ಯಾಡ್ಹೆರಿನ್ ಎಂಬ ಬೇರೆಯೇ ಪ್ರೋಟೀನಿನದು. ಆದರೆ ‘ಶೇಕರ್-1’, ‘ಸ್ನೆಲ್ಸ್ ವಾಲ್ಟ್ಜರ್’, ‘ಶೇಕರ್-2’ ಎಂಬ ಕಿವುಡು ಇಲಿಗಳಲ್ಲಿ ಕೆಟ್ಟಿರುವುದು ಮೂರು ಬೇರೆಬೇರೆ ಮೈಯೋಸಿನ್‌ಗಳೆಂದು 1995 ಮತ್ತು 1998ರ ನಡುವೆ ಸ್ಥಾಪಿತವಾಯಿತು. ಒಳಕಿವಿಯ ಸೂಕ್ಷ್ಮ ರೋಮಗಳು ಆಕ್ಟಿನ್ ಎಳೆಗಳ ಕಟ್ಟುಗಳೇ ಆಗಿದ್ದು, ‘ಶೇಕರ್-2’ ಇಲಿಯಲ್ಲಿ ಅವು ಗಿಡ್ಡವಾಗಿಯೇ ಉಳಿಯುತ್ತವೆ. ಇಲ್ಲಿ ಹೆಸರುಗಳನ್ನು ಗಮನಿಸಬೇಕು: ನಡುಗುವುದು, ಸುತ್ತುವುದು ಎಂದು ಕಣ್ಣಿಗೆ ಕಂಡ ಚಲನೆಯಿಂದಲೇ ಅವು ಹುಟ್ಟಿವೆ, ಪ್ರಯೋಗಾಲಯವೂ ಸಾಕಣೆಗಾರರ ನಾಮಕರಣ ಪದ್ಧತಿಯನ್ನೇ ಅನುಸರಿಸಿತು.

‘ಶೇಕರ್-2’ಕ್ಕೆ ಸಂವಾದಿಯಾದ ಮಾನವ ವಂಶವಾಹಿಯ ದೋಷವನ್ನು ಗುರುತಿಸಲು ನೆರವಾದದ್ದು ಬಾಲಿ ದ್ವೀಪದ ಬೆಂಗ್ಕಾಲಾ ಗ್ರಾಮ. ಅಲ್ಲಿ ನೂರಕ್ಕೆ ಸುಮಾರು ಇಬ್ಬರು ಹುಟ್ಟುಕಿವುಡರು. ‘ಕಾತಾ ಕೋಲೊಕ್’ ಎಂಬ ಆ ಊರಿನ ಸಂಜ್ಞಾಭಾಷೆಯನ್ನು ಕಿವಿ ಕೇಳುವ ನೆರೆಹೊರೆಯವರೂ ತಲೆಮಾರುಗಳಿಂದ ಆಡುತ್ತ ಬಂದಿದ್ದಾರೆ.