ಕೊಡಸಿಗೆ ಲೇಹ್ಯ

ಕೊಡಸಿಗೆ ಮರದ ತೊಗಟೆಯ ಕಷಾಯವನ್ನು ಬೆಲ್ಲದೊಡನೆ ಕಾಯಿಸಿ ಪಾಕಕ್ಕೆ ತಂದು, ತುಪ್ಪ ಮತ್ತು ಜೇನು ಸೇರಿಸಿ ಸಿದ್ಧಪಡಿಸುವ, ನೆಕ್ಕುವಷ್ಟು ಮಂದವಾದ ಔಷಧವೇ ಕೊಡಸಿಗೆ ಲೇಹ್ಯ. ಆಯುರ್ವೇದ ಗ್ರಂಥಗಳಲ್ಲಿ ಇದರ ಹೆಸರು ಕುಟಜಾವಲೇಹ. ಉತ್ತರ ಅಮೆರಿಕದಲ್ಲಿ ಹಿಕರಿ ಮರದ ತೊಗಟೆಯನ್ನು ಬೇಯಿಸಿ, ಸಕ್ಕರೆ ಕೂಡಿಸಿ ತಿನಿಸುಗಳಿಗೆ ಹಾಕಿಕೊಳ್ಳುವ ಪಾಕ ಮಾಡುವುದುಂಟು. ಆದರೆ ಕೊಡಸಿಗೆ ಪಾಕದ ಉದ್ದೇಶ ರುಚಿಯಲ್ಲ, ಭೇದಿ ಮತ್ತು ಆಮಶಂಕೆಯ ಚಿಕಿತ್ಸೆ.

ಕಣಗಿಲೆಯ ಕುಟುಂಬಕ್ಕೆ ಸೇರಿದ ಈ ಸಣ್ಣ ಮರದ ಸಸ್ಯಶಾಸ್ತ್ರೀಯ ನಾಮ ಹೊಲರೀನ ಪ್ಯುಬೆಸೆನ್ಸ್. ಶೃಂಗೇರಿ ಕಡೆಯ ನಿತ್ಯಹರಿದ್ವರ್ಣದ ದಟ್ಟ ಕಾಡಿಗಿಂತ, ಮಳೆ ಕಡಿಮೆಯಾಗುತ್ತ ಹೋಗುವ ನರಸಿಂಹರಾಜಪುರ, ಮುತ್ತಿನಕೊಪ್ಪಗಳತ್ತಣ ಎಲೆಯುದುರುವ ಕಾಡು ಇದಕ್ಕೆ ಹೆಚ್ಚು ಒಗ್ಗುವ ನೆಲೆ. ಬೇಸಿಗೆಯ ಕೊನೆಗೆ ಬಿಳಿಯ ಸುವಾಸನೆಯ ಹೂಗೊಂಚಲು ಬಿಡುತ್ತದೆ. ಆ ಹೂವನ್ನು ಒಣಗಿಸಿಟ್ಟುಕೊಂಡು ಮಳೆಗಾಲದಲ್ಲಿ ತಂಬುಳಿ ಮಾಡುವ ಮಲೆನಾಡಿನ ರೂಢಿಯೂ ಹೊಟ್ಟೆಯ ಆರೋಗ್ಯವನ್ನೇ ಗುರಿಯಾಗಿಸಿಕೊಂಡದ್ದು. ಕೊಡಚಾದ್ರಿ ಬೆಟ್ಟಕ್ಕೆ ಕುಟಜಾದ್ರಿ ಎಂಬ ಹೆಸರಿರುವುದೂ ಸಂಸ್ಕೃತದಲ್ಲಿ ಕುಟಜ ಎನ್ನುವ ಈ ಮರದಿಂದಲೇ.

ಶಾರ್ಙ್ಗಧರ ಸಂಹಿತೆಯ ಕ್ರಮದಂತೆ 100 ಪಲ ತೊಗಟೆಯನ್ನು ಒಂದು ದ್ರೋಣ ನೀರಿನಲ್ಲಿ, ಅಂದರೆ ಇಂದಿನ ಅಳತೆಯಲ್ಲಿ ಸುಮಾರು 4.8 ಕಿಲೊ ತೊಗಟೆಯನ್ನು 12.3 ಲೀಟರ್ ನೀರಿನಲ್ಲಿ, ಕಾಲುಭಾಗ ಉಳಿಯುವವರೆಗೆ ಕುದಿಸಿ ಬಟ್ಟೆಯಲ್ಲಿ ಸೋಸಬೇಕು. ಆ ಕಷಾಯಕ್ಕೆ 30 ಪಲ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಕಾಯಿಸುತ್ತ, ತ್ರಿಕಟು (ಶುಂಠಿ, ಮೆಣಸು, ಹಿಪ್ಪಲಿ), ತ್ರಿಫಲ, ಬಿಲ್ವ, ಬಜೆ ಮೊದಲಾದವುಗಳ ಪುಡಿಯನ್ನೂ ತುಪ್ಪವನ್ನೂ ಬೆರೆಸುತ್ತಾರೆ. ಜೇನನ್ನು ಮಾತ್ರ ಪಾಕ ಪೂರ್ತಿ ತಣಿದ ಮೇಲೆಯೇ ಸೇರಿಸಬೇಕು. ಪಾಕ ಬಂತೆಂದು ತಿಳಿಯುವ ಲಕ್ಷಣಗಳನ್ನೂ ಗ್ರಂಥವೇ ಹೇಳುತ್ತದೆ: ಎಳೆದರೆ ನೂಲಾಗಬೇಕು, ನೀರಿಗೆ ಬಿಟ್ಟರೆ ಹರಡದೆ ಮುಳುಗಬೇಕು, ಬೆರಳಿನಿಂದ ಒತ್ತಿದರೆ ಗೆರೆಯ ಅಚ್ಚು ಮೂಡಬೇಕು. ಉಷ್ಣಮಾಪಕವಿಲ್ಲದ ಕಾಲದ ಈ ಪರೀಕ್ಷೆಗಳು ಇಂದಿಗೂ ನಂಬಲರ್ಹ. ಇಷ್ಟು ಬೆಲ್ಲ ಬಿದ್ದರೂ ತೊಗಟೆಯ ಕಹಿ ಪೂರ್ತಿ ಅಡಗುವುದಿಲ್ಲ. ಆ ಕಹಿಗೆ ಕಾರಣವಾದ ಕೊನೆಸಿನ್ ಮೊದಲಾದ ಕ್ಷಾರಾಭಗಳಿಗೆ, ಎಂದರೆ ಸಾರಜನಕವುಳ್ಳ ಸಸ್ಯಜನ್ಯ ರಾಸಾಯನಿಕಗಳಿಗೆ, ಆಮಶಂಕೆ ತರುವ ಅಮೀಬಾವನ್ನು ತಡೆಯುವ ಗುಣವಿದೆ. ಪ್ರಮಾಣ ಮೀರಿದರೆ ಅವು ಅಪಾಯಕರವಾದ್ದರಿಂದ ವೈದ್ಯರ ಸಲಹೆಯಿಲ್ಲದೆ ಸೇವಿಸುವುದು ಸರಿಯಲ್ಲ.

ತೊಗಟೆಯ ಗುರುತು ತಪ್ಪಿದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ ನೋಟಕ್ಕೆ ಕೊಡಸಿಗೆಯನ್ನೇ ಹೋಲುವುದರಿಂದ ಅದರ ತೊಗಟೆ ಮಾರುಕಟ್ಟೆಯಲ್ಲಿ ಇದರೊಡನೆ ಬೆರೆಯುತ್ತದೆ. ಹಾಲೆಯ ಜೋಡಿಕಾಯಿಗಳ ತುದಿ ಒಂದಕ್ಕೊಂದು ಅಂಟಿಕೊಂಡಿದ್ದರೆ ಕೊಡಸಿಗೆಯ ಕಾಯಿಗಳು ಬಿಡಿಬಿಡಿಯಾಗಿ ಜೋತುಬೀಳುತ್ತವೆ. ಆದ್ದರಿಂದ ಕಾಯಿ ನೋಡಿಯೇ ಮರವನ್ನು ನಿಶ್ಚಯಿಸುವುದು ಲೇಸು.

ಮರವನ್ನು ಗುರುತಿಸಿದ ಮೇಲೆ ತೊಗಟೆ ತೆಗೆಯುವ ಕ್ರಮವೂ ಮುಖ್ಯ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕ. ಕಾಂಡದ ಸುತ್ತಲೂ ಅದನ್ನು ಸುಲಿದರೆ ಬೇರು ಹಸಿದು ಮರ ಸಾಯುತ್ತದೆ. ಅಶೋಕದ ಮರಗಳು ಕಾಡಿನಲ್ಲಿ ವಿರಳವಾಗಿರುವುದಕ್ಕೆ ತೊಗಟೆಯ ಇಂಥ ಕೊಯ್ಲೂ ಒಂದು ಕಾರಣ. ಕೊಡಸಿಗೆ ಕಡಿದಲ್ಲಿ ಮತ್ತೆ ಚಿಗುರುವ ಜಾತಿಯಾದ್ದರಿಂದ, ನಿಂತ ಮರವನ್ನು ಸುಲಿಯದೆ ಬಲಿತ ಕೊಂಬೆಗಳನ್ನಷ್ಟೇ ಕಡಿದು ತೊಗಟೆ ತೆಗೆಯಬಹುದು. ಲೇಹ್ಯ ಮಾಡುವವರು ಕಾಡನ್ನೇ ನೆಚ್ಚಿಕೊಳ್ಳದೆ ತೋಟದ ಬೇಲಿಸಾಲಿನಲ್ಲಿ ಈ ಮರವನ್ನು ಬೆಳೆಸಿಕೊಳ್ಳಬೇಕು.